ತಪ್ಪಿದ ಲೆಕ್ಕದ ಪಕ್ಕ

ಜಾವಗಲ್ ಸುತ್ತಿನ ಶಾಲೆಗಳಲ್ಲಿ ವರ್ಷಾನುಗಟ್ಟಲೆ ಕೆಂಪು ಶಾಯಿಯಿಂದ ಅಂಕ ಹಾಕಿದ್ದ ಅನುಸೂಯಮ್ಮ ಟೀಚರ್, ತೊಂಬತ್ತೆಂಟರಲ್ಲಿ ನಡೆದ ಶಿಕ್ಷಕರ ತರಬೇತಿಯ ನಂತರ ಅದನ್ನು ಬಿಟ್ಟರು. ಕಿರುಪರೀಕ್ಷೆಯಲ್ಲಿ ಲೆಕ್ಕ ತಪ್ಪಿದ ಮಗುವಿನ ಪಕ್ಕ ಚಾಪೆಯ ಮೇಲೆ ಕೂತು, ಎಲ್ಲಿ ಎಡವಿತೆಂದು ಅದರ ಬಾಯಿಂದಲೇ ಕೇಳುವುದು ಅವರ ಹೊಸ ಕ್ರಮ. ಮಕ್ಕಳು ಗೆಲುವಾದರು. ಆದರೆ ಭಾಗಾಕಾರದಲ್ಲಿ ಎಲ್ಲರಿಗಿಂತ ಮುಂದಿದ್ದ ಹೇಮಾಶ್ರೀ ವಾರವಾರವೂ ಹಿಂದೆ ಬೀಳತೊಡಗಿದಳು. ತಾನೇ ಹುಡುಗಿಯನ್ನು ಕೆಡಿಸಿದೆನೇ ಎಂಬ ಅಳುಕು ಟೀಚರನ್ನು ಕಾಡಿತು.

ಒಂದು ಶನಿವಾರ ಅವಳ ಸ್ಲೇಟಿನಲ್ಲಿ, ಸರಿಯುತ್ತರವನ್ನು ಒರೆಸಿ ತಪ್ಪು ಬರೆದ ಗುರುತು ಕಂಡಿತು.

“ಯಾಕೆ ಅಳಿಸ್ದೆ?”

“ಸರಿ ಮಾಡಿದ್ರೆ ‘ಭೇಷ್’ ಅಂದು ಮುಂದಕ್ಕೆ ಹೊಂಟೋಯ್ತೀರ, ಮಿಸ್. ತಪ್ಪು ಮಾಡಿದೋರ ಪಕ್ಕಾನೇ ಕುಂತ್ಕೋತೀರ.”

ಹಿಂದೆ ಕೂತಿದ್ದ ಬೀರೇಶ ಎದ್ದು ನಿಂತ: “ನಾನೂ ಬೇಕಂತ್ಲೇ ತಪ್ಪು ಮಾಡಿದ್ದು, ಮಿಸ್!”

“ನಿಂಗೆ ನಿಜವಾಗ್ಲೂ ಬರಾಕಿಲ್ಲ ಕಣೋ,” ಎಂದಳು ಹೇಮಾಶ್ರೀ.

ಅನುಸೂಯಮ್ಮ ಕಕ್ಕಾಬಿಕ್ಕಿಯಾದರು. ಇಷ್ಟು ದಿನ ತಾವು ಅಳೆದದ್ದು ಮಕ್ಕಳ ಕಲಿಕೆಯನ್ನೋ, ಟೀಚರ್ ಪಕ್ಕ ಕೂರಲೆಂಬ ಅವರ ಆಸೆಯನ್ನೋ ತಿಳಿಯಲಿಲ್ಲ. ಕೊನೆಗೆ ಹೇಮಾಶ್ರೀಯ ಪಕ್ಕ ಕೂತು, “ಸರಿಯಾದ್ದನ್ನೇ ಬರಿ. ಹೆಂಗೆ ಬಂತು ಹೇಳು, ಕೇಳ್ತೀನಿ,” ಎಂದರು.

ಹುಡುಗಿ ಉತ್ಸಾಹದಿಂದ ಬರೆದಳು. ತಪ್ಪೇ ಇಲ್ಲದ ಲೆಕ್ಕದ ಮುಂದೆ ಏನು ಕೇಳಬೇಕೆಂದು ಮಾತ್ರ ಟೀಚರಿಗೆ ಹೊಳೆಯಲಿಲ್ಲ. ಆದರೂ ಅವರು ಏಳಲಿಲ್ಲ.