ಬೆಳ್ಳಿ ಕರಡಿಗೆಯ ಸುಟ್ಟ ಗುರುತು

ಹೋದ ವಾರ ಹೆಂಡತಿಯ ಮಂಡಿಗೆ ಶಾಖ ಕೊಡಿಸಲು ತುಮಕೂರಿಗೆ ಹೋಗಿದ್ದೆ. ಬಿಸಿ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ತಿಪಟೂರಿನ ಆ ಡಾಕ್ಟರು ಕಣ್ಣ ಮುಂದೆ ಬಂದು ನಿಂತರು. ನನಗೆ ಬೇಡವಾದ ಮನುಷ್ಯ. ಆದರೂ ಬಂದರು...

ನಾನು ಶಾಲೆ ಬಿಟ್ಟು ಎಳೆ ವಯಸ್ಸಿಗೇ ತೆಂಗಿನಕಾಯಿ ಸುಲಿಯಲು ನಿಂತವನು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ತಿರುವಿದರೆ ಮಟ್ಟೆ ಬಾಯಿ ಬಿಡಬೇಕು. ದಂಡಿನಶಿವರದ ಕಡೆ ನನ್ನ ಸಮಕ್ಕೆ ಸುಲಿಯುವವರಿರಲಿಲ್ಲ. ಒಮ್ಮೆ ಎಡಭುಜ ಹಿಡಿದುಕೊಂಡಿತು. ಆಗಷ್ಟೇ ಈ ಡಾಕ್ಟರು ಊರಿಗೇ ಮೊದಲ ಕರೆಂಟ್ ಶಾಖದ ಮಿಷನ್ನು ತರಿಸಿದ್ದರು.

"ರೇಡಿಯೋ ಅಲೆ ಕಣಯ್ಯ. ಒಳಗಿನ ಮಾಂಸಾನೇ ಕಾಯಿಸುತ್ತೆ," ಎನ್ನುತ್ತಾ ರಬ್ಬರ್ ಹೊದಿಸಿದ ಎರಡು ತಟ್ಟೆಗಳನ್ನು ಭುಜದ ಹಿಂದೆ ಮುಂದೆ ಇಟ್ಟರು. ಮುಂದಿನ ತಟ್ಟೆಯ ಅಡಿಗೇ, ಅಂಗಿಯೊಳಗೆ, ಕಂಕುಳ ಬಳಿ ನನ್ನ ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆ. ಅವರೂ ಲಿಂಗ ಕಟ್ಟಿದವರೇ. ಆ ಅಲೆಗೆ ಲೋಹ ಸಿಕ್ಕರೆ ಅದರಡಿಯ ಚರ್ಮ ಸುಡುತ್ತದೆ; ಆದರೂ ಮೈಮೇಲೆ ಬೆಳ್ಳಿ ಇದೆಯೇ ಎಂದು ಕೇಳಲಿಲ್ಲ.

"ಸುಡ್ತೈತೆ ಸಾಮಿ."

"ಗಂಡಸಲ್ವೇನಯ್ಯ? ತಡ್ಕೋ."

ತಡೆದುಕೊಂಡೆ. ಬೆಳ್ಳಿಯ ಅಡಿಯ ಚರ್ಮ ಬೆಂದು, ಕೀವಾಗಿ... ಮಾಯುವಷ್ಟರಲ್ಲಿ ಸೆಳೆದುಕೊಂಡು ತೋಳು ಮೇಲೇಳದಾಯಿತು. ಸುಲಿಯುವ ಕೆಲಸ ಅಲ್ಲಿಗೆ ಮುಗಿಯಿತು.

ಅದನ್ನಾದರೂ ನುಂಗಿಕೊಂಡೇನು. ಡಾಕ್ಟರು ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದದ್ದೇ ಬೇರೆ: "ಬಿಚ್ಚಿಡು ಅಂದೆ. ದೇವರನ್ನ ಬಿಡಲ್ಲ ಅಂದ, ಮೊಂಡ."

ಕೊಬ್ಬರಿ ಮಂಡಿಯಲ್ಲಿ ಹಮಾಲರು ನಕ್ಕರು. "ಏನ್ಲಾ, ಶಿವನೇ ಬರೆ ಎಳುದ್ನಂತೆ?"

ಸುಳ್ಳು. ಒಂದು ಮಾತು ಅಂದಿದ್ದರೆ ಬೆಳ್ಳಿಯನ್ನು ಮೇಜಿನ ಮೇಲಿಟ್ಟು, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತಲೆಗೆ ಕಟ್ಟಿಕೊಳ್ಳುತ್ತಿದ್ದೆ. ಲಿಂಗ ಮೈ ಬಿಡಬಾರದು, ಬೆಳ್ಳಿ ಬಿಟ್ಟರೇನಂತೆ? ಇದು ನಮ್ಮವರಲ್ಲಿ ಯಾರಿಗೆ ಗೊತ್ತಿಲ್ಲ? ಅವರಿಗೂ ಗೊತ್ತಿತ್ತು.

ಅವರ ಬಾಗಿಲಿಗೇ ಹೋದೆ. "ನಂಗೇನೂ ಬ್ಯಾಡಿ ಸಾಮಿ. ಕೇಳ್ಲಿಲ್ಲ ಅಂತ ಜನದ ಮುಂದೆ ಒಂದ್ಮಾತು ಹೇಳ್ಬುಡಿ ಸಾಕು."

"ಹೋಗಯ್ಯ, ರೋಗಿಗಳು ಕಾಯ್ತಾವ್ರೆ," ಎಂದು ತಲೆ ಎತ್ತದೆ ಹೇಳಿದರು.

ಒಂದೇ ತೋಳಿನಲ್ಲಿ ಎಳನೀರು ಕೊಚ್ಚಿ ಮಾರಿ ಸಂಸಾರ ಸಾಕಿದೆ. ಯಾರ ಮುಂದೆಯೂ ಕೈ ಚಾಚಲಿಲ್ಲ.

ಡಾಕ್ಟರು ಈಗಿಲ್ಲ. ಸತ್ತ ದಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ನಾನು ಹೂ ಹಾಕಲು ಹೋಗಲಿಲ್ಲ, ಅದಕ್ಕೆ ನನಗೆ ಬೇಸರವೂ ಇಲ್ಲ. ಆದರೆ ಶಾಖ ಕೊಟ್ಟ ದಿನ ಆ ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ. ನಿಜ ಹೇಳಬಹುದಾಗಿದ್ದ ಇನ್ನೊಂದು ಬಾಯಿ ಮಣ್ಣಿಗೆ ಹೋಯಿತು...

ತುಮಕೂರಿನಿಂದ ಬಂದ ಸಂಜೆ ಸೊಸೆ ಕಾಫಿ ಕೊಡುತ್ತಾ ಮೆಲ್ಲಗೆ ಕೇಳಿದಳು: "ಅವತ್ತು ಡಾಕ್ಟ್ರು ಹೇಳ್ದಾಗ್ಲೇ ಬಿಚ್ಚಿಟ್ಟಿದ್ರೆ ಏನಾಗ್ತಿತ್ತು, ಮಾವ?"