ಎರಡು ಒಂಬತ್ತನೇ ಕ್ರಾಸು

ನನ್ನ ಮನೆಗೆ ಬರಬೇಕಿದ್ದ ಅಮ್ಮ ಅಕ್ಕನ ಮನೆಗೆ ಹೋದದ್ದು ಒಂದು ಭಾನುವಾರ. ಅಥವಾ ಅವತ್ತು ಭಾನುವಾರವೇ ಅಲ್ಲವೇನೋ. ಫೋನಿನಲ್ಲಿ ಭಾವನ ದನಿಯೂ ಕೇಳಿತ್ತು ಎಂದು ನೆನಪು, ಅದಕ್ಕೇ ರಜೆಯ ದಿನ ಅಂದುಕೊಂಡಿದ್ದೇನೆ. ಆ ದನಿಯನ್ನು ಆಮೇಲೆ ಹೊಟ್ಟೆಕಿಚ್ಚಿನಲ್ಲಿ ನಾನೇ ಸೇರಿಸಿಕೊಂಡಿರಲೂಬಹುದು.

ಅವರೆಕಾಳು ಮಾತ್ರ ನಿಜ. ಅಮ್ಮ ಕೆಂಗೇರಿಯ ಅಣ್ಣನ ಮನೆಯಿಂದ ನನ್ನ ಮನೆಗೆ ಬರುವವಳಿದ್ದಳು. ಇಬ್ಬರೂ ಕೂತು ಹಿತಕೋಣ ಎಂದು ಹಿಂದಿನ ದಿನವೇ ಎರಡು ಕೆಜಿ ನೆನೆಹಾಕಿದ್ದೆ. ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆ ಬಿಡಿಸುವ ಈ ಕೆಲಸಕ್ಕೆ ಮಾತಾಡಲು ಇನ್ನೊಬ್ಬರು ಬೇಕು.

ನಾನಿರುವುದು ಬಸವೇಶ್ವರನಗರದ ಒಂಬತ್ತನೇ ಕ್ರಾಸಿನಲ್ಲಿ. ಅಕ್ಕನದು ಆರ್‌ಪಿಸಿ ಲೇಔಟಿನ ಒಂಬತ್ತನೇ ಕ್ರಾಸು. ವಿಜಯನಗರದಲ್ಲಿ ಮೆಟ್ರೊ ಇಳಿದ ಅಮ್ಮ ಆಟೋದವನಿಗೆ ಏರಿಯಾ ಹೇಳದೆ ಬರೀ ಒಂಬತ್ತನೇ ಕ್ರಾಸ್ ಅಂದಳಂತೆ. ಅವನು ಹತ್ತಿರದ್ದಕ್ಕೆ ಕರೆದೊಯ್ದ.

ಅಕ್ಕ ಫೋನು ಮಾಡಿದಳು. "ಅಮ್ಮ ಇಲ್ಲಿಗೇ ಬಂದ್ಬಿಟ್ಟಿದಾಳೆ ಕಣೇ."

"ಬೇರೆ ಆಟೋ ಹತ್ತಿಸಿ ಕಳ್ಸು."

"ಮಂಡಿ ನೋವಂತೆ. ನೀನೇ ಬಾರೇ, ಕಾಳೂ ತಗೊಂಡು ಬಾ."

"ನೆಂದಿರೋ ಕಾಳು ಸ್ಕೂಟರಲ್ಲಿ ತರ್ಲಾ?"

ಹಿಂದಿನಿಂದ ಅಮ್ಮ ನಕ್ಕಳು. "ಕಾಳಿಗೂ ಒಂದು ಹೆಲ್ಮೆಟ್ ಹಾಕ್ಕೊಂಡು ಬರ್ಲಿ ಹೇಳು."

ನಾನು ಹೋಗಲಿಲ್ಲ. ಒಬ್ಬಳೇ ಹಿತಕುತ್ತ ಕೂತೆ. ಮಧ್ಯಾಹ್ನ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು: ದಿವಾನದ ಮೇಲೆ ಅಮ್ಮ ಕಾಲು ಚಾಚಿದ್ದಾಳೆ, ಅಕ್ಕ ಮಂಡಿಗೆ ಎಣ್ಣೆ ಹಚ್ಚುತ್ತಿದ್ದಾಳೆ. ಸಿಪ್ಪೆ ಮೆತ್ತಿದ ಬೆರಳಲ್ಲೇ ದೊಡ್ಡದು ಮಾಡಿ ನೋಡಿದೆ. ಅಮ್ಮ ಕಣ್ಣು ಮುಚ್ಚಿದ್ದಳು. ನಾನು ಎಣ್ಣೆ ತಂದಾಗೆಲ್ಲ "ಇರ್ಲಿ ಬಿಡೇ" ಅನ್ನುವವಳು.

ಅಮ್ಮನ ಊರಿನ ಕಡೆ ಕ್ರಾಸ್ ಎಂದರೆ ಬಸ್ಸು ಇಳಿಸಿ ಹೋಗುವ ಜಾಗ. ಊರು ಇನ್ನೂ ಒಳಗಿರುತ್ತದೆ, ಕರೆದೊಯ್ಯಲು ಯಾರಾದರೂ ಬಂದು ನಿಂತಿರಬೇಕು. ನಮಗೆ ಇಲ್ಲಿ ಅದೊಂದು ಬೀದಿ. ನನ್ನ ಮಗಳಿಗೆ ರಸ್ತೆ ದಾಟುವುದು, ಅವಳ ಟೀಚರಿಗೆ ತಪ್ಪು ಉತ್ತರದ ಕೆಂಪು ಗುರುತು. ನಾನು ಅವತ್ತು ಸ್ಟೇಷನ್ನಿಗೆ ಹೋಗಿ ನಿಂತಿರಲಿಲ್ಲ. ಅವಳು ಅಕ್ಕನ ಮನೆ ಸೇರಿದ್ದಕ್ಕೆ ಕಾರಣ ಅದೇ ಇರಬೇಕು ಎಂದು ಈಗ ಅನ್ನಿಸುತ್ತದೆ. ಅವತ್ತು ಅನ್ನಿಸಿತ್ತು ಎಂದು ಬರೆದರೆ ಸುಳ್ಳಾಗುತ್ತದೆ.

ಮುಂದಿನ ವಾರ ಅಮ್ಮ ಬಂದು, "ಏರಿಯಾ ಹೇಳೋದು ಮರ್ತೆ ಕಣೇ" ಅಂದಳು. ಹೂಂ ಅಂದೆ. ಅವಳು ಅತ್ತ ಹೋದ ಮೇಲೆ ಹೊಳೆಯಿತು: ನನ್ನ ಮನೆಗೆ ಬರುವಾಗ ಅಮ್ಮ ಕ್ರಾಸಿನ ನಂಬರು ಹೇಳುವುದೇ ಇಲ್ಲ. ಯಾವ ಆಟೋದವನಿಗಾದರೂ ಹೇಳುವುದು ಒಂದೇ, "ಬಸವೇಶ್ವರನಗರ, ವಾಟರ್ ಟ್ಯಾಂಕ್ ಎದುರು." ಅಷ್ಟು ವರ್ಷ ಹಾಗೆ ಹೇಳಿದವಳು ಅವತ್ತೊಂದು ದಿನ ಟ್ಯಾಂಕನ್ನು ಮರೆತಳೇ? ಇಲ್ಲವೇ, ಇನ್ನೊಬ್ಬ ಮಗಳ ಮನೆಗೆ ಹೋಗಲು ಅವಳಿಗೂ ಒಂದು ನೆಪ ಬೇಕಿತ್ತೇ?

ಅಮ್ಮ ಕೆಂಗೇರಿಯಲ್ಲೇ ಇದ್ದಾಳೆ. ಫೋನು ಮಾಡಿದರೆ ಎತ್ತುತ್ತಾಳೆ. ನಾನು ಕೇಳಿಲ್ಲ. ಅವತ್ತು ಅವಳು ಯಾರ ಮನೆಗೆಂದು ಆಟೋ ಹತ್ತಿದ್ದಳೋ ನನಗೆ ಗೊತ್ತಿಲ್ಲ.