ಕೆರೆಯ ನಡುವೆ ಕೆಮ್ಮಿದ ಇಂಜಿನ್

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಮೂರು ಮಕ್ಕಳು: ಅಕ್ಕ, ನಾನು ಮತ್ತು ಅಪ್ಪನ ದೋಣಿಯ ಇಂಜಿನ್. ಮೂವರಲ್ಲಿ ಅಪ್ಪನಿಗೆ ಇಂಜಿನ್ ಮೇಲೇ ಪ್ರೀತಿ ಜಾಸ್ತಿ ಎಂದು ಅಕ್ಕ ಮೂತಿ ಉಬ್ಬಿಸುತ್ತಿದ್ದಳು. ನನಗೂ ಹಾಗೇ ಅನ್ನಿಸುತ್ತಿತ್ತು. ಆದರೆ ನನಗೂ ಅದೆಂದರೆ ಜೀವ, ಹಾಗಾಗಿ ಸುಮ್ಮನಿರುತ್ತಿದ್ದೆ.

ನಮ್ಮೂರು ಶಿಕಾರಿಪುರ ತಾಲೂಕಿನಲ್ಲಿ, ದೊಡ್ಡ ಕೆರೆಯ ಅಂಚಿನಲ್ಲಿತ್ತು. ಆಚೆ ದಡದ ರಸ್ತೆಯಲ್ಲಿ ಸೊರಬದಿಂದ ಶಿಕಾರಿಪುರಕ್ಕೆ ಹೋಗುವ ಬಸ್ಸು ಬೆಳಗ್ಗೆ ಒಂದೇ ಸಲ ಬರುತ್ತಿತ್ತು. ಕೆರೆ ಬಳಸಿ ನಡೆದರೆ ಅದು ಸಿಗುತ್ತಿರಲಿಲ್ಲ. ದೋಣಿಯಲ್ಲಿ ಕಾಲು ಗಂಟೆಯ ದಾರಿ. ಅಪ್ಪ ಜನರನ್ನೂ ಭತ್ತದ ಚೀಲಗಳನ್ನೂ ದಾಟಿಸುತ್ತಿದ್ದ. ಇಂಜಿನ್ ಹೊನ್ನಾವರದ ಕಡೆಯ ಮೀನುಗಾರರು ಬಳಸಿ ಬಿಟ್ಟಿದ್ದು, ಅಪ್ಪನಿಗಿಂತ ಹಳೆಯದು. ಹಗ್ಗ ಸುತ್ತಿ ಎಳೆದರೆ ಪಟ್ ಪಟ್ ಎಂದು ಏಳುತ್ತಿತ್ತು. ಅದರ ಸೀಮೆಎಣ್ಣೆಯ ಹೊಗೆ ಅಕ್ಕನ ಜಡೆಗೂ ಹತ್ತಿಕೊಂಡಿರುತ್ತಿತ್ತು. ಅಕ್ಕ ಆ ವರ್ಷವಷ್ಟೇ ಶಿಕಾರಿಪುರದ ಹೈಸ್ಕೂಲು ಸೇರಿದ್ದಳು.

ದಸರಾ ರಜೆ ಬಂತು. ಆಯುಧಪೂಜೆಗೆ ಇಂಜಿನ್ ಸಿಂಗರಿಸುವ ಕೆಲಸ ನನ್ನದು. ಎಣ್ಣೆ ಟ್ಯಾಂಕಿನ ಹಿತ್ತಾಳೆ ಮುಚ್ಚಳವನ್ನು ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಿದೆ. ಆಮೇಲೆ ಗಟ್ಟಿಯಾಗಿ ಗಂಧ ತೇಯ್ದು ಅದರ ತುಂಬ ಮೆತ್ತಿದೆ. ಮೇಲೆ ಕುಂಕುಮ, ಸುತ್ತ ಚೆಂಡುಹೂವು. ನೋಡಿದವರೆಲ್ಲ ಮದುವಣಗಿತ್ತಿ ಹಾಗಿದೆ ಎಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹಬ್ಬದ ಬಿಡುವು ಮುಗಿದು ಶಾಲೆ ಶುರುವಾದ ದಿನ, ಅಕ್ಕನನ್ನು ಕೂರಿಸಿಕೊಂಡು ಹೊರಟಾಗ, ಕೆರೆಯ ನಡುವೆ ಇಂಜಿನ್ ಕೆಮ್ಮಿತು. ಹೇಗೋ ಮುಂದೆ ಸಾಗಿ, ಆಚೆ ದಡ ಹತ್ತಿರ ಬಂತೆಂದು ಅಪ್ಪ ವೇಗ ಇಳಿಸಿದ್ದೇ ತಡ, ಎರಡು ಸಲ ಮುಗ್ಗರಿಸಿ ನಿಂತೇ ಹೋಯಿತು. ಗಾಳಿ ದೋಣಿಯನ್ನು ತಳ್ಳಿಕೊಂಡು ಹೋಗಿ ತಾವರೆ ಬಳ್ಳಿಯಲ್ಲಿ ಸಿಕ್ಕಿಸಿತು. ಬಸ್ಸು ಬಂತು, ಹಾರನ್ ಹೊಡೆಯಿತು, ಹೋಯಿತು. ಅಮ್ಮ ಈಚೆ ದಡದಲ್ಲಿ ನಿಂತು ಎಲ್ಲ ನೋಡುತ್ತಿದ್ದಳು.

"ಯಾರದ್ದೋ ದೃಷ್ಟಿ ಬಿದ್ದೈತಿ, ಇನ್ನೊಂದ್ಸಲ ಕುಂಕುಮ ಹಚ್ಚು" ಎಂದಳು ನನಗೆ. ನಾನು ಮೊದಲಿಗಿಂತ ಧಾರಾಳವಾಗಿ ಹಚ್ಚಿದೆ. ಇಂಜಿನ್ ಮೊದಲಿಗಿಂತ ಬೇಗ ಕೆಮ್ಮತೊಡಗಿತು.

ಹೀಗಾಗಿ ಶನಿವಾರದವರೆಗೂ ಅಕ್ಕನಿಗೆ ಶಾಲೆಗೆ ಹೋಗಲಾಗಲಿಲ್ಲ. ಶನಿವಾರ ರಾತ್ರಿ ಊಟಕ್ಕೆ ಬಡಿಸುತ್ತಾ ಅಮ್ಮ ಅಪ್ಪನಿಗೆ ಹೇಳಿದಳು: "ನೋಡ್ರಿ, ನಾಳೆ ಒಂದಿನ ಟೈಮು. ಅದು ನೆಟ್ಟಗಾಗ್ಲಿಲ್ಲ ಅಂದ್ರೆ ಇವ್ಳು ಓದಿದ್ದು ಸಾಕು. ಮಗಳನ್ನ ನೀರಿಗೆ ಕೊಡಕ್ಕೆ ನನ್ ಕೈಲಿ ಆಗಲ್ಲ."

ಭಾನುವಾರ ಬೆಳಗಿನಿಂದಲೇ ಅಪ್ಪ ದಡದಲ್ಲಿ ಗೋಣಿಚೀಲ ಹಾಸಿ ಕೂತ. ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿದ. ಕಾರ್ಬುರೇಟರ್ ಬಿಚ್ಚಿ ಅದರ ಸಣ್ಣ ಸಣ್ಣ ತೂತುಗಳಿಗೆ ಬಾಯಿಟ್ಟು ಊದಿದ. ಮೀಸೆಯೆಲ್ಲ ಸೀಮೆಎಣ್ಣೆ. ಜೋಡಿಸಿ ಎಳೆದರೆ ಐದು ನಿಮಿಷ ಹಸುವಿನಷ್ಟು ಸಾಧು. ಆಮೇಲೆ ಮತ್ತೆ ಅದೇ ಮುಗ್ಗರಿಕೆ. ಎಣ್ಣೆ ಮುಗಿಯಿತೇನೋ ಎಂದು ಮುಚ್ಚಳ ತೆಗೆಯುವನು, ಅದು ಉಸ್ ಎನ್ನುವುದು. ಒಳಗೆ ಎಣ್ಣೆ ಇದ್ದೇ ಇರುತ್ತಿತ್ತು. ಮುಚ್ಚಿ ಮತ್ತೆ ಎಳೆದರೆ ಇನ್ನೈದು ನಿಮಿಷ ಸಾಧು. ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪುಸ್ತಕ ಹಿಡಿದು ಕೂತಿದ್ದಳು. ಮಧ್ಯಾಹ್ನದವರೆಗೂ ಒಂದು ಹಾಳೆಯನ್ನೂ ತಿರುವಲಿಲ್ಲ.

ಕಡೆಗೆ ಅಪ್ಪ, ಎಣ್ಣೆಗೇ ನೀರು ಬೆರೆತಿರಬೇಕೆಂದು ಹಳೆಯದನ್ನೆಲ್ಲ ಬಸಿದು, ಹೊಸ ಡಬ್ಬ ತರಲು ಹೇಳಿದ. ಅಮ್ಮ ಬುತ್ತಿಯ ಜೊತೆಗೆ ಡಬ್ಬವನ್ನೂ ಹೊತ್ತು ತಂದಳು. ನಾನು ಮೊಳೆ ಹೊಡೆದು ತೂತು ಮಾಡಿ, ಅಪ್ಪ ಬಗ್ಗಿಸಿದರೆ ಎಣ್ಣೆ ಗುಳುಕ್ ಗುಳುಕ್ ಎಂದು ನಿಂತುಹೋಯಿತು.

"ಆ ಕಡೀಗೂ ಒಂದು ತೂತು ಹೊಡಿಯೇ. ಗಾಳಿ ಒಳಗೆ ಹೋಗದೆ ಎಣ್ಣೆ ಹೆಂಗೆ ಬೀಳ್ತೈತಿ?" ಎಂದಳು ಅಮ್ಮ ನನಗೆ.

ಮೊಳೆ ನನ್ನ ಕೈಯಲ್ಲೇ ಉಳಿಯಿತು. ಹುಣಸೆಹಣ್ಣು ಹಾಕಿ ಉಜ್ಜುವಾಗ ಟ್ಯಾಂಕಿನ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತು ನೋಡಿದ್ದೆ. ಅದರ ಮೇಲೇ ನಾನು ಗಂಧ ಮೆತ್ತಿ ಕುಂಕುಮ ಹಚ್ಚಿದ್ದು, ಕುಂಕುಮವಂತೂ ಎರಡೆರಡು ಸಲ. ಬೈಗುಳ ಖಂಡಿತ, ಏಟೂ ಬೀಳಬಹುದು. ಬಾಯಿ ಮುಚ್ಚಿಕೊಂಡಿರೋಣ ಅಂದುಕೊಂಡೆ. ಕಲ್ಲಿನ ಮೇಲೆ ಅಕ್ಕ ಪುಸ್ತಕ ಮಡಚಿ ಚೀಲಕ್ಕೆ ಹಾಕುತ್ತಿದ್ದಳು, ಇನ್ನು ಬೇಡವೇನೋ ಎಂಬಂತೆ. ಅದನ್ನು ನೋಡಲಾಗಲಿಲ್ಲ.

"ಅಪ್ಪಾ, ಮುಚ್ಚಳದ ತೂತು ನಾನೇ ಮುಚ್ಚೀನಿ" ಎಂದೆ. ಹೇಳುವಷ್ಟರಲ್ಲಿ ಅಳುವೂ ಬಂತು.

ಅಪ್ಪ ಮುಚ್ಚಳ ತಿರುಗಿಸಿ ನೋಡಿದ. ಅಮ್ಮನ ಸೆರಗಿನ ಪಿನ್ನು ಇಸಿದುಕೊಂಡು ಚುಚ್ಚಿದ. ಒಣಗಿದ ಗಂಧ ಕುಂಕುಮ ಪುಡಿಪುಡಿಯಾಗಿ ಉದುರಿತು. ಹಗ್ಗ ಎಳೆದು ವೇಗ ಪೂರ್ತಿ ಇಳಿಸಿದ. ಪಟ್... ಪಟ್... ಪಟ್... ಒಂದೊಂದನ್ನೂ ಎಣಿಸಬಹುದಿತ್ತು. ಅಷ್ಟು ನಿಧಾನವಾಗಿ ಅರ್ಧ ಗಂಟೆ ಓಡಿತು, ಒಮ್ಮೆಯೂ ಮುಗ್ಗರಿಸಲಿಲ್ಲ. ಅಪ್ಪ ನನ್ನನ್ನು ನೋಡಿದ, ಇಂಜಿನ್ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಅವ್ಳಿಗೆ ಏನೂ ಅನ್ಬ್ಯಾಡ್ರಿ. ಎರಡ್ನೇ ಸಲ ಹಚ್ಚಿಸಿದಾಕಿ ನಾನೇ" ಎಂದಳು ಅಮ್ಮ. ಆಮೇಲೆ ಅಕ್ಕನ ಕಡೆ ತಿರುಗಿ, "ನಾಳೆ ಬುತ್ತಿಗೆ ಏನ್ ಕಟ್ಲಿ?" ಎಂದಳು. ಅಕ್ಕ ಓಡಿ ಬಂದು ನನ್ನನ್ನು ಉಸಿರು ಕಟ್ಟುವ ಹಾಗೆ ಅಪ್ಪಿಕೊಂಡಳು.

ಈಗ ಕೆರೆಯ ಅಂಚಿಗೇ ರಸ್ತೆಯಾಗಿದೆ ಮಕ್ಕಳೇ, ಶಾಲೆಯ ವ್ಯಾನು ನಿಮ್ಮನ್ನು ಬಾಗಿಲಿನಿಂದಲೇ ಹತ್ತಿಸಿಕೊಳ್ಳುತ್ತದೆ. ನಿಮ್ಮಮ್ಮನ ಬ್ಯಾಟರಿ ಸ್ಕೂಟರಿಗೆ ಸದ್ದೇ ಇಲ್ಲ. ಅದಕ್ಕೆ ಹುಷಾರಿಲ್ಲದಿದ್ದರೆ ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಿದ್ದಕ್ಕೆ, ಕೆಂಪು ದೀಪ ಹತ್ತುತ್ತದೆ ಅಜ್ಜಿ ಎಂದಿರಿ. ಒಳ್ಳೆಯದೇ ಆಯಿತು. ನಮ್ಮ ಇಂಜಿನ್ನಿಗೆ ದೀಪ ಇರಲಿಲ್ಲ, ಅದರ ಹತ್ತಿರ ಕೂತು ಕಿವಿಗೊಡಬೇಕಿತ್ತು.

ಹೈಸ್ಕೂಲಿನ ಟೀಚರಾಗಿ ಊರೂರಿನ ಹೆಣ್ಣುಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದ ನಿಮ್ಮ ದೊಡ್ಡಜ್ಜಿ ಪ್ರತಿ ದಸರೆಗೆ ನಮ್ಮ ಮನೆಗೆ ಬರುತ್ತಾಳಲ್ಲ, ಅವಳೇ ಆ ಅಕ್ಕ. ನಾನು ಅರಿಸಿನ ಕುಂಕುಮ ಕೊಡಲು ಹೋದಾಗಲೆಲ್ಲ ಅವಳು ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ನಿಮ್ಮನ್ನು ನಗಿಸುತ್ತಾಳೆ. ಯಾಕೆಂದು ನೀವು ಕೇಳುತ್ತಿದ್ದಿರಿ.

"ಹಣೆಗಷ್ಟೇ ಹಚ್ಚೇ ಮಾರಾಯ್ತಿ, ನಾನಿನ್ನೂ ಉಸಿರಾಡಬೇಕು" ಎಂದು ಅವಳು ಹೇಳುವುದು ಇದಕ್ಕೇ.